ಮಂಡಿ ಲೆಕ್ಕ ಬರೆಯುತ್ತ ಊರೂರು ಸುತ್ತುವವರಿಗೆ ಯಾವ ಲ್ಯಾಪ್‌ಟಾಪ್?

ಪ್ರತಿ ತಿಂಗಳು 11ನೇ ತಾರೀಖಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್‌ಗಳು. ತಪ್ಪಿದರೆ ಪಾರ್ಟಿಗೆ (ನಾವು ಲೆಕ್ಕ ಬರೆಯುವ ವ್ಯಾಪಾರಿಗೆ) ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ಬಡ್ಡಿ, ಇವೆರಡರ ಮೇಲೆ ಸಾಹುಕಾರರ ಸಿಡುಕು ಮುಖ. ದಾವಣಗೆರೆಯಲ್ಲಿ ಮನೆ ಇಟ್ಟುಕೊಂಡು ಚನ್ನಗಿರಿಯ ಅಡಿಕೆ ಮಂಡಿ, ಭೀಮಸಮುದ್ರ, ಚಳ್ಳಕೆರೆಯ ಎಣ್ಣೆ ಮಿಲ್ಲು, ಜಗಳೂರಿನ ಗೊಬ್ಬರದ ಅಂಗಡಿ ಅಂತ ಸುತ್ತುವ ನನ್ನಂಥ ಅಕೌಂಟೆಂಟ್‌ಗೆ ಆ ಎರಡು ತಾರೀಖಿನ ಹಿಂದೆಮುಂದೆ ಲ್ಯಾಪ್‌ಟಾಪ್ ಕೈಕೊಟ್ಟರೆ ಕಥೆ ಮುಗಿದಂತೆ. ಅದಕ್ಕೇ ಯಾರಾದರೂ ಹೊಸ ಹುಡುಗರು "ಅಕ್ಕಾ, ಓಡಾಡೋಕೆ ಗಟ್ಟಿ ಲ್ಯಾಪ್‌ಟಾಪ್ ಯಾವುದು?" ಅಂದರೆ ನಾನು ತಿರುಗಿ ಕೇಳುವುದು ಇಷ್ಟೇ: ಅದು ಕೆಟ್ಟರೆ ಮರುದಿನ ಸಂಜೆಯೊಳಗೆ ದಾವಣಗೆರೆಯಲ್ಲೇ ರೆಡಿ ಆಗುತ್ತಾ?

ಬಸ್ಸಿನ ಕುಲುಕಾಟ, ಶೇಂಗಾ ಸಿಪ್ಪೆಯ ಧೂಳು, ಏಪ್ರಿಲ್ ಬಿಸಿಲು ಎಲ್ಲ ತಿಂದು ಏನೂ ಆಗದೆ ಉಳಿಯುವ ಯಂತ್ರ ನಮ್ಮ ಬಜೆಟ್ಟಿನಲ್ಲಿ ಸಿಗುವುದಿಲ್ಲ. ತಿರುಗಾಟದಲ್ಲಿ ಸವೆಯುವುದು ಮುಖ್ಯವಾಗಿ ನಾಲ್ಕು ಭಾಗ: ಬ್ಯಾಟರಿ, ಕೀಬೋರ್ಡ್, ಹಿಂಜ್ (ಸ್ಕ್ರೀನು ಮಡಚುವ ಕೀಲು), ಚಾರ್ಜಿಂಗ್ ಪೋರ್ಟ್. ಈ ನಾಲ್ಕೂ ಬಿಡಿಯಾಗಿ ಸಿಗಬೇಕು, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಎಟುಕಬೇಕು. ಉಳಿದ ಲೆಕ್ಕವೆಲ್ಲ ಆಮೇಲಿನದು.

30 ಸಾವಿರದೊಳಗೆ ಇದು ಬೇಕೆಂದರೆ ನನ್ನ ಉತ್ತರ ಸೆಕೆಂಡ್ ಹ್ಯಾಂಡ್, ಅದರಲ್ಲೂ ಕಂಪನಿಗಳಿಗೆಂದೇ ಮಾಡಿದ ಬಿಸಿನೆಸ್ ಸೀರೀಸ್. ಲೆನೊವೊದ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್. ಬೆಂಗಳೂರಿನ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಲಾಟ್ ಲೆಕ್ಕದಲ್ಲಿ ಹೊರಹಾಕಿದ್ದು ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿಗೆ ಬಂದು, ಅಲ್ಲಿಂದ ನಮ್ಮ ಅಂಗಡಿಗಳಿಗೆ ಬರುತ್ತದೆ. ಒಂದೇ ಮಾಡೆಲ್ ರಾಶಿ ರಾಶಿ ಬಂದಿರುವುದರಿಂದ ಅದರ ಕೀಬೋರ್ಡು, ಬ್ಯಾಟರಿ, ಹಿಂಜೂ ರಾಶಿಯಾಗಿಯೇ ಸಿಗುತ್ತವೆ. ಇದೇ ಗುಟ್ಟು. ಅದೇ ದುಡ್ಡಿಗೆ ಹೊಸದು ನೋಡಿದರೆ ತೆಳು ಪ್ಲಾಸ್ಟಿಕ್ ಬಾಡಿ, ಸೆಲೆರಾನ್ ಥರದ ಕಡಿಮೆ ತಾಕತ್ತಿನ ಪ್ರೊಸೆಸರ್, ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್. ಕೆಲವದರಲ್ಲಿ ಎಸ್‌ಎಸ್‌ಡಿ ಬದಲು ಇಎಂಎಂಸಿ ಸ್ಟೋರೇಜ್ ಇರುತ್ತದೆ. ನಿಧಾನ, ಬದಲಾಯಿಸುವಂತೆಯೂ ಇಲ್ಲ. ಡಬ್ಬಿ ಒಡೆಯುವ ಖುಷಿಗೆ ಅಷ್ಟು ದುಡ್ಡು ಕೊಡಬೇಡಿ.

ಎಷ್ಟು ಹಳೆಯದು ತರಬಹುದು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ನಿಯಮದ ಪ್ರಕಾರ ಕೂರಬೇಕೆಂದರೆ ಇಂಟೆಲ್ 8ನೇ ತಲೆಮಾರು ಅಥವಾ ಮೇಲಿನದು ಬೇಕು. ಆದ್ದರಿಂದ ಕೆಳಗಿನ ಗೆರೆ 2018ರ ಮಾಡೆಲ್‌ಗಳು: ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5. ಇಲ್ಲೊಂದು ಕಣ್ಕಟ್ಟು ಇದೆ. ಟಿ480ಯಲ್ಲೇ 7ನೇ ತಲೆಮಾರಿನ ಪ್ರೊಸೆಸರ್ ಹಾಕಿದ್ದೂ ಬಂದಿತ್ತು. ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಐ5 ಆದಮೇಲಿನ ನಂಬರ್ ಓದಿ: 8250, 8350 ಇದ್ದರೆ ಸರಿ, 7200, 7300 ಇದ್ದರೆ ಬೇಡ. ಇನ್ನಷ್ಟು ದುಡ್ಡು ಹಾಕುವುದಾದರೆ 11ನೇ ತಲೆಮಾರಿನ ಲ್ಯಾಟಿಟ್ಯೂಡ್ 5420, ಥಿಂಕ್‌ಪ್ಯಾಡ್ ಟಿ14 ಜೆನ್ 2, ಎಲೈಟ್‌ಬುಕ್ 840 ಜಿ8 ನೋಡಿ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಎಕ್ಸೆಲ್, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಇಷ್ಟಕ್ಕೆ ಪ್ರೊಸೆಸರ್ ಬಗ್ಗೆ ಇದಕ್ಕಿಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ರ‍್ಯಾಮ್ 8 ಜಿಬಿ ಸಾಕಾಗುತ್ತದೆ, 16 ಆದರೆ ನೆಮ್ಮದಿ. ಸ್ಟೋರೇಜ್ ಮಾತ್ರ ಎಸ್‌ಎಸ್‌ಡಿಯೇ ಇರಲಿ. ಹಳೇ ಹಾರ್ಡ್‌ಡಿಸ್ಕ್‌ನ ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಹೊಳಲ್ಕೆರೆ ರೋಡಿನ ಹಂಪ್‌ಗೆ ಅದು ಹೇಳಿ ಮಾಡಿಸಿದ್ದಲ್ಲ.

ಮ್ಯಾಕ್‌ಬುಕ್ ಏರ್ ಎಂ1 ಬಗ್ಗೆಯೂ ಕೇಳುತ್ತಾರೆ. ಒಳಗೆ ಫ್ಯಾನೇ ಇಲ್ಲ, ಧೂಳೆಳೆಯುವ ಮಾತೇ ಇಲ್ಲ, ಬ್ಯಾಟರಿಯೂ ಜೋರು. ಆದರೆ ಟ್ಯಾಲಿ ವಿಂಡೋಸ್‌ನ ಸಾಫ್ಟ್‌ವೇರ್. ನಮ್ಮ ಕಸುಬಿಗೆ ಅಲ್ಲಿಗೇ ಮುಗಿಯಿತು.

ಲೆಕ್ಕದವರ ದೊಡ್ಡ ತಕರಾರು ನಂಬರ್ ಪ್ಯಾಡ್. ಅದು ಬೇಕೆಂದು 15.6 ಇಂಚಿನದು ತಗೊಂಡರೆ ಸಾಮಾನ್ಯವಾಗಿ 1.7 ಕೆಜಿಯಿಂದ 2 ಕೆಜಿ ದಾಟುತ್ತದೆ, ಚಾರ್ಜರ್ ಬೇರೆ. ಶಕ್ತಿ ಯೋಜನೆ ಬಂದಮೇಲೆ ನನಗೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಉಳಿಯಲಿಲ್ಲ. ಚಿತ್ರದುರ್ಗದ ತನಕ ನಿಂತೇ ಹೋಗುವ ದಿನ 2 ಕೆಜಿ ಬ್ಯಾಗು ಹೆಗಲು ಕೀಳುತ್ತದೆ. 14 ಇಂಚಿನದು ತಗೊಂಡು, ಯುಎಸ್‌ಬಿ ನಂಬರ್ ಪ್ಯಾಡ್ ಬೇರೆ ಕೊಳ್ಳಿ. ಕೆಲವೇ ನೂರು ರೂಪಾಯಿ. ದಿನವಿಡೀ ಅಡಿಕೆ ಬಿಲ್ ಹೊಡೆದು 4, 5, 6 ಅಳಿಸಿಹೋದರೆ ಅದನ್ನಷ್ಟೇ ಎಸೆದು ಬೇರೆ ತರಬಹುದು.

ಅಂಗಡಿಯವರು "ಮೇಡಂ, ಮಿಲಿಟರಿ ಗ್ರೇಡ್ ಇದು" ಅನ್ನುತ್ತಾರೆ. ಮಿಲ್-ಎಸ್‌ಟಿಡಿ-810 ಅಂತ ಅಮೆರಿಕದ ಸೇನೆಯ ಪರೀಕ್ಷಾ ಕ್ರಮ ಇರುವುದು ನಿಜ. ಅದರೊಳಗೆ ಧೂಳು, ಬಿಸಿ, ನಡುಕ, ಬೀಳುವಿಕೆ ಅಂತ ಬೇಕಾದಷ್ಟು ಪರೀಕ್ಷೆಗಳಿವೆ. ಯಾವುದನ್ನು ಮಾಡಿಸಬೇಕು ಅನ್ನುವುದು ಕಂಪನಿಯ ಆಯ್ಕೆ, ಪಾಸಾಯಿತು ಅಂತ ಸೀಲ್ ಹೊಡೆಯಲು ಸೇನೆಯವರು ಯಾರೂ ಬರುವುದಿಲ್ಲ. ಆ ಸ್ಟಿಕ್ಕರ್ ಇದ್ದರೆ ಇರಲಿ, ಅದಕ್ಕೆಂದು ಜಾಸ್ತಿ ದುಡ್ಡು ಬೇಡ.

ಅಂಗಡಿಗೆ ಹೋಗುವಾಗ ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಹೋಗಿ. ಮಧ್ಯಾಹ್ನ ಊಟದ ಹೊತ್ತಾದರೆ ಜನ ಕಡಿಮೆ, ನಿಧಾನ ನೋಡಲು ಬಿಡುತ್ತಾರೆ. ಮೊದಲು ಮುಚ್ಚಿದ ಲ್ಯಾಪ್‌ಟಾಪನ್ನು ಗಾಜಿನ ಕೌಂಟರ್ ಮೇಲಿಟ್ಟು ಮೂಲೆಗಳನ್ನು ಬೆರಳಲ್ಲಿ ಒತ್ತಿ. ಕುಂಟಿದರೆ, ಅಥವಾ ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದ್ದರೆ, ಒಳಗೆ ಬ್ಯಾಟರಿ ಊದಿರಬಹುದು. ಅದನ್ನು ಅಲ್ಲೇ ಬಿಡಿ. ಆಮೇಲೆ ಸ್ಕ್ರೀನಿನ ಒಂದೇ ಮೂಲೆ ಹಿಡಿದು ನಿಧಾನವಾಗಿ ತೆರೆಯಿರಿ. ಕಣ್ಣು ಸ್ಕ್ರೀನಿನ ಮೇಲೆ ಬೇಡ, ಹಿಂಜ್ ಪಕ್ಕದ ಸಂದಿನ ಮೇಲಿರಲಿ. ಕೆಳಗಿನ ಬಾಡಿ ಉಗುರು ತೂರುವಷ್ಟು ಬಾಯಿ ಬಿಟ್ಟರೆ ಹಿಂಜ್‌ನ ಸ್ಕ್ರೂ ಕೂರುವ ಹಿತ್ತಾಳೆ ಗುಬ್ಬಿ ಪ್ಲಾಸ್ಟಿಕ್‌ನಿಂದ ಕಿತ್ತುಬಂದಿದೆ ಅಂತ ಅರ್ಥ. ಅಂಟು ಹಾಕಿ ಕೊಡುತ್ತೇವೆ ಅನ್ನುತ್ತಾರೆ. ಆ ಅಂಟು ಚಳ್ಳಕೆರೆಗೆ ಹೋಗಿ ಬರುವವರೆಗೂ ನಿಲ್ಲುವುದಿಲ್ಲ.

ಆನ್ ಮಾಡಿ ನೋಟ್‌ಪ್ಯಾಡ್ ತೆರೆದು ಎಲ್ಲ ಕೀಲಿಯೂ ಒಂದೊಂದಾಗಿ ಒತ್ತಿ. ಎಫ್ ಕೀಲಿಗಳನ್ನು ಬಿಡಬೇಡಿ: ಟ್ಯಾಲಿಯಲ್ಲಿ ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್, ಇವು ಸತ್ತರೆ ನಮ್ಮ ಅರ್ಧ ಕೈ ಸತ್ತಂತೆ. ಒತ್ತಿದಾಗ ವಾಲ್ಯೂಮ್ ಏರಿಳಿದರೆ ಗಾಬರಿ ಬೇಡ, ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳಲ್ಲಿ ಸರಿಹೋಗುತ್ತದೆ. ನಿಮ್ಮ ಡಿಜಿಟಲ್ ಸಿಗ್ನೇಚರ್ ಟೋಕನ್ (ರಿಟರ್ನ್‌ಗೆ ಸಹಿ ಹಾಕುವ ಪೆನ್‌ಡ್ರೈವ್‌ನಂಥದ್ದು) ಜೇಬಲ್ಲಿ ಇಟ್ಟುಕೊಂಡೇ ಹೋಗಿ, ಪ್ರತಿಯೊಂದು ಯುಎಸ್‌ಬಿಗೂ ಚುಚ್ಚಿ ಸ್ವಲ್ಪ ಅಲ್ಲಾಡಿಸಿ. ಸಿಗ್ನೇಚರ್ ಹಾಕುವ ಹೊತ್ತಿಗೆ ಟೋಕನ್ ಕನೆಕ್ಷನ್ ಬಿಟ್ಟರೆ ಮತ್ತೆ ಮೊದಲಿನಿಂದ. ಹೊಸ ತೆಳು ಮಾಡೆಲ್ಲುಗಳಲ್ಲಿ ಅಗಲದ ಯುಎಸ್‌ಬಿಯೇ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಚಾರ್ಜರ್ ಪಿನ್ ಕೂಡ ಹೀಗೇ ಅಲ್ಲಾಡಿಸಿ, ಲೈಟ್ ಮಿಣುಕಬಾರದು. ಡೆಲ್‌ನ ದುಂಡು ಪಿನ್ನಿನ ನಡುವೆ ಸೂಜಿಯಂಥದೊಂದು ಇದೆ. ಚಾರ್ಜರ್ ಯಾವುದೆಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದೇ. ಅದು ಮುರಿದಿದ್ದರೆ ಯಂತ್ರ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ.

ಬ್ಯಾಟರಿ ಬಗ್ಗೆ ಅಂಗಡಿಯವರ ಬಾಯಿಮಾತು ಬೇಡ, ಯಂತ್ರವೇ ಹೇಳುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು "ಪವರ್‌ಸಿಎಫ್‌ಜಿ" ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ "ಬ್ಯಾಟರಿರಿಪೋರ್ಟ್" ಅಂತ ಕೂಡಿಸಿ ಬರೆದು ಎಂಟರ್ ಒತ್ತಿ. ಅದು ತೋರಿಸುವ ಜಾಗದಲ್ಲಿರುವ ಫೈಲ್ ತೆರೆದರೆ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು ಹುಟ್ಟಿದಾಗಿನ ತಾಕತ್ತು, ಎರಡನೆಯದು ಇವತ್ತಿನದು. 50 ವಾಟ್-ಅವರ್ ಬ್ಯಾಟರಿ, ನಮ್ಮ ಕೆಲಸಕ್ಕೆ ಸುಮಾರು 10 ವಾಟ್ ಎಳೆದರೆ 5 ಗಂಟೆ. ತಾಕತ್ತು 70%ಗೆ ಇಳಿದಿದ್ದರೆ ಮೂರೂವರೆ. ಅದಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಹಾಕಿಸಿಕೊಡಿ ಅಂತ ಚೌಕಾಸಿ ಮಾಡಿ. ಟಿ480ಗೆ ಒಳಗೊಂದು, ಹೊರಗೊಂದು ಬ್ಯಾಟರಿ. ಹೊರಗಿನದನ್ನು ಯಂತ್ರ ಆಫ್ ಮಾಡದೆಯೇ ಬದಲಿಸಬಹುದು. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕಡೆ ಕೂತು ಕೆಲಸ ಮಾಡುವವರಿಗೆ ಇದೊಂದೇ ಗುಣ ಸಾಕು. ಅದರ ಟೈಪ್-ಸಿ ಚಾರ್ಜಿಂಗ್ ಕೆಡದಂತೆ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಆ ಪೋರ್ಟ್ ನಡೆಸುವ ಒಳಗಿನ ಪ್ರೋಗ್ರಾಂ) ಅಪ್‌ಡೇಟ್ ಮಾತ್ರ ತಂದ ದಿನವೇ ಮಾಡಿಸಿ.

ಇನ್ನು ಬೀಗ. ಹಳೇ ಕಂಪನಿಯವರು ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಏಳುವ ಮೂಲ ಸೆಟ್ಟಿಂಗ್) ಹಾಕಿದ ಪಾಸ್‌ವರ್ಡ್ ಉಳಿದಿರಬಹುದು. ಆನ್ ಆಗುವಾಗ ಎಫ್1 ಅಥವಾ ಎಫ್2 ಒತ್ತಿ ಒಳಗೆ ಹೋಗಲು ಬಿಡುತ್ತದಾ ನೋಡಿ (ಎಚ್‌ಪಿಗೆ ಎಫ್10). ನಿಮ್ಮ ಎದುರಿಗೇ ವಿಂಡೋಸ್ ರೀಸೆಟ್ ಮಾಡಿಸಿ, ಇಂಟರ್‌ನೆಟ್ ಕೊಡಿಸಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಇಮೇಲ್ ಕೇಳಿದರೆ ಎಷ್ಟೇ ಅಗ್ಗವಾದರೂ ಬೇಡ. ಅಡಿಯಲ್ಲಿರುವ ಸೀರಿಯಲ್ ನಂಬರ್, ಬಯೋಸ್‌ನಲ್ಲಿರುವುದು, ಬಿಲ್‌ನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಆ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಯಾವಾಗ ಮುಗಿಯಿತು ಅನ್ನುವುದು ಬರುತ್ತದೆ, ಅದರಿಂದ ಯಂತ್ರದ ವಯಸ್ಸು ಅಂದಾಜಾಗುತ್ತದೆ. ಕೊನೆಗೆ ಬಿಳಿ ಪುಟ ತೆರೆದು ಸ್ಕ್ರೀನಿನಲ್ಲಿ ಕಲೆ ನೋಡಿ, ಅಂಗಡಿ ಬಾಗಿಲಿಗೆ ತಂದು ಬಿಸಿಲಲ್ಲಿ ಓದಲಾಗುತ್ತದಾ ನೋಡಿ. ಹೊಳಪಿನ ಸ್ಕ್ರೀನ್ ನಮ್ಮ ಹೊರಗಿನ ಕೆಲಸಕ್ಕೆ ಆಗದು, ಮ್ಯಾಟ್ ಇರಲಿ.

ಬಜೆಟ್ಟನ್ನು ಪೂರ್ತಿ ಯಂತ್ರಕ್ಕೇ ಸುರಿಯಬೇಡಿ. 30 ಸಾವಿರ ಇದ್ದರೆ 25ರೊಳಗೆ ಮುಗಿಸಿ, 5 ಸಾವಿರ ಬ್ಯಾಟರಿಗೋ ಎಸ್‌ಎಸ್‌ಡಿಗೋ ಮೀಸಲಿಡಿ. ಹಾಗೆಯೇ 65 ವಾಟ್‌ನ ಒಳ್ಳೆ ಟೈಪ್-ಸಿ ಚಾರ್ಜರ್ ಒಂದಿದ್ದರೆ ಫೋನಿಗೂ ಲ್ಯಾಪ್‌ಟಾಪ್‌ಗೂ ಅದೇ ಸಾಕು. ಪವರ್‌ಬ್ಯಾಂಕ್ ಕೊಳ್ಳುವವರು ಗಮನಿಸಿ: 20,000 ಎಂಎಎಚ್ ಅಂದರೆ 74 ವಾಟ್-ಅವರ್, ಅದರಲ್ಲಿ ಒಂದಷ್ಟು ದಾರಿಯಲ್ಲೇ ಸೋರುತ್ತದೆ. ಪಿಡಿ (ಟೈಪ್-ಸಿಯ ಜೋರು ಚಾರ್ಜಿಂಗ್) 45 ವಾಟ್ ಅಥವಾ ಮೇಲೆ ಅಂತ ಬರೆದಿರಬೇಕು. ಫೋನಿನ ಸಾದಾ ಪವರ್‌ಬ್ಯಾಂಕ್ ಇದಕ್ಕೆ ಆಗುವುದಿಲ್ಲ.

ಹಳೇ ಮಂಡಿಗಳಲ್ಲಿ ಸಾಕೆಟ್ಟಿಗೆ ಅರ್ಥಿಂಗ್ ಇರುವುದಿಲ್ಲ. ಲೋಹದ ಬಾಡಿಯ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಮಣಿಕಟ್ಟು ಅಂಚಿಗೆ ತಾಗಿಸಿದರೆ ಜುಮ್ ಅನ್ನುತ್ತದೆ, ಕೈ ಜಾರಿಸಿದರೆ ಮೇಲ್ಮೈ ಒರಟಾಗಿ ನಡುಗಿದಂತೆ ಇರುತ್ತದೆ. ಚನ್ನಗಿರಿಯ ಒಬ್ಬ ಗುಮಾಸ್ತರು "ಮೇಡಂ, ನಿಮ್ಮ ಲ್ಯಾಪ್‌ಟಾಪ್ ಮುಟ್ಟಿದ್ರೆ ಹೊಡೀತೈತೆ" ಅಂತ ರಸೀದಿ ಪುಸ್ತಕದ ಮೂಲೆಯಿಂದ ತಳ್ಳಿ ಕೊಡುತ್ತಾರೆ. ಅಂಥಲ್ಲಿ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಕೆಲಸ ಮಾಡಿ. ಅದಕ್ಕೇ ನನಗೆ ಪ್ಲಾಸ್ಟಿಕ್ ಬಾಡಿಯ ಥಿಂಕ್‌ಪ್ಯಾಡ್ ಇಷ್ಟ. ಅದರ ಕೀಬೋರ್ಡಿನ ಅಡಿಗೆ ನೀರು ಹರಿದುಹೋಗುವ ತೂತುಗಳೂ ಇವೆ. ಹಾಗಂತ ಸಕ್ಕರೆ ಚಹಾ ಚೆಲ್ಲಿದರೆ ಅದು ಕ್ಷಮಿಸುವುದಿಲ್ಲ. ಮಂಡಿಯವರು ಮಂಡಕ್ಕಿ ಮಿರ್ಚಿ ತರಿಸಿದಾಗ ಲ್ಯಾಪ್‌ಟಾಪ್ ಮುಚ್ಚಿ ದೂರ ಇಡಿ.

ಬ್ಯಾಗಿನಲ್ಲಿ ಚಾರ್ಜರ್‌ನ ಇಟ್ಟಿಗೆ ಸ್ಕ್ರೀನಿನ ಮುಚ್ಚಳಕ್ಕೆ ಒತ್ತಿಕೊಳ್ಳದಂತೆ ಬೇರೆ ಖಾನೆಗೆ ಹಾಕಿ. ರಷ್ಷಿನ ಬಸ್ಸಿನಲ್ಲಿ ಬ್ಯಾಗು ಎದೆಗೆ, ಕೂತರೆ ತೊಡೆಗೆ. ಮೇಲಿನ ಕ್ಯಾರಿಯರ್‌ಗೂ ಹಿಂದಿನ ಚಕ್ರದ ಮೇಲಿನ ನೆಲಕ್ಕೂ ಬೇಡ. ಮುಚ್ಚಳ ಮುಚ್ಚಿ ಹಾಗೇ ತುರುಕಬೇಡಿ, ಸ್ಲೀಪ್‌ನಲ್ಲಿದ್ದದ್ದು ಬ್ಯಾಗಿನೊಳಗೇ ಎದ್ದು ಬಿಸಿಯಾಗಿ ಬ್ಯಾಟರಿ ತಿನ್ನುತ್ತದೆ. ಹೈಬರ್ನೇಟ್ ಮಾಡಿ, ತೆರೆದ ಕೆಲಸ ಡಿಸ್ಕಿಗೆ ಉಳಿಸಿ ಪೂರ್ತಿ ಆಫ್ ಆಗುತ್ತದೆ. ವರ್ಷಕ್ಕೊಮ್ಮೆ, ಅಡಿಕೆ ಸೀಸನ್ ಮುಗಿದ ಮೇಲೆ, ಅಡಿ ಬಿಚ್ಚಿಸಿ ಫ್ಯಾನ್ ಒರೆಸಿಸಿ. ಪಾರ್ಟಿಗಳ ಪ್ಯಾನು, ಬ್ಯಾಂಕ್ ವಿವರ ಎಲ್ಲ ಅದರೊಳಗಿರುತ್ತದೆ, ಆದ್ದರಿಂದ ಡಿಸ್ಕಿಗೇ ಬೀಗ ಹಾಕುವ ಬಿಟ್‌ಲಾಕರ್ ಹಾಕಿಡಿ. ಇಂಥ ಯಂತ್ರಗಳಿಗೆ ಸಾಮಾನ್ಯವಾಗಿ ವಿಂಡೋಸ್ ಪ್ರೊ ಲೈಸೆನ್ಸೇ ಇರುವುದರಿಂದ ಖರ್ಚಿಲ್ಲ. ರಿಕವರಿ ಕೀ ಮನೆಯಲ್ಲಿ ಬರೆದಿಡಿ. ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ಗೆ ದಿನಾ.

ಹೊಸದೇ ಬೇಕು ಅನ್ನುವವರು ಆನ್‌ಸೈಟ್ ವಾರಂಟಿ ಇದೆಯಾ, ದಾವಣಗೆರೆಯ 577002ಕ್ಕೆ ಅಥವಾ ನಿಮ್ಮ ಪಿನ್ ಕೋಡಿಗೆ ಎಂಜಿನಿಯರ್ ಬರುತ್ತಾನಾ ಅಂತ ಬರವಣಿಗೆಯಲ್ಲಿ ಕೇಳಿ. ಬಿದ್ದು ಒಡೆದ ಸ್ಕ್ರೀನು, ಚೆಲ್ಲಿದ ನೀರು ಸಾದಾ ವಾರಂಟಿಯೊಳಗೆ ಬರುವುದಿಲ್ಲ, ಅದಕ್ಕೆ ಬೇರೆ ಪ್ಲ್ಯಾನ್ ಕೊಳ್ಳಬೇಕು.

ಹೊಸದಿರಲಿ ಹಳೆಯದಿರಲಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಜಿಎಸ್‌ಟಿ ನೋಂದಣಿ ಇದ್ದವರು ತಮ್ಮ ನಂಬರನ್ನೂ ಹಾಕಿಸಿ. ಹೊಸ ಲ್ಯಾಪ್‌ಟಾಪ್ ಮೇಲೆ 18% ತೆರಿಗೆ, ಅದು ಇನ್‌ಪುಟ್ ಆಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು) ಬರುತ್ತದೆ. ಇನ್‌ಪುಟ್ ತಗೊಂಡ ತೆರಿಗೆ ಮೊತ್ತ ಬಿಟ್ಟು ಉಳಿದದ್ದರ ಮೇಲೆ ಆದಾಯ ತೆರಿಗೆಯಲ್ಲಿ 40% ಸವಕಳಿ. ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ, ಹಾಗಾಗಿ ಕೊಳ್ಳುವುದನ್ನು ಸೆಪ್ಟೆಂಬರ್ ಒಳಗೆ ಕೊಳ್ಳಿ. "ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಡಿಮೆ ಮಾಡ್ತೀನ್ರೀ" ಅಂದರೆ, ಬೇರೆ ಅಂಗಡಿ ನೋಡಿ.