ಹಿಟ್ ಹಾಡಿನ ಚರಿತ್ರೆ ಬರೆಯುವುದು ಹೇಗೆ: ‘ಬೊಹೀಮಿಯನ್ ರಾಪ್ಸೊಡಿ’ಯನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ

ಹಿಟ್ ಹಾಡಿನ ಬಗ್ಗೆ ಬರೆಯಲು ಕೂತವರಿಗೆ ಮಾಹಿತಿಗೆ ಬರವಿಲ್ಲ. ಸಿಕ್ಕಿದ್ದರಲ್ಲಿ ಹಾಡು ಬಂದ ವಾರವೇ ಜನ ಹೇಳಿದ್ದು ಯಾವುದು, ಹಾಡು ಗೆದ್ದ ಮೇಲೆ ಅದಕ್ಕೆ ಅಂಟಿಕೊಂಡದ್ದು ಯಾವುದು ಎಂದು ಬಿಡಿಸುವಾಗ ಮಾತ್ರ ಕೈ ಸೋಲುತ್ತದೆ. ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ‘ಬೊಹೀಮಿಯನ್ ರಾಪ್ಸೊಡಿ’ ಈ ಅಭ್ಯಾಸಕ್ಕೆ ಹೇಳಿಮಾಡಿಸಿದ ಹಾಡು. ದಾಖಲೆಗಳು ಹೇರಳ, ದಂತಕತೆಗಳು ಅದಕ್ಕಿಂತ ಹೇರಳ. ಇಲ್ಲಿ ಹೇಳಿದ ಕ್ರಮ ಬೇರೆ ರಾಕ್ ಹಾಡುಗಳಿಗೂ ಹೊಂದುತ್ತದೆ.

ಮೊದಲು ತಾರೀಖಿನ ಹಾಳೆ

ಒಂದು ಸ್ಪ್ರೆಡ್‌ಶೀಟ್ ತೆರೆದು ಐದು ಕಾಲಂ ಹಾಕಿ: ಘಟನೆ, ನಡೆದ ದಿನ, ಹೇಳಿದವರು ಯಾರು, ಅವರು ಹೇಳಿದ್ದು ಯಾವಾಗ, ಎಷ್ಟು ಗಟ್ಟಿ. ನಾಲ್ಕನೆಯ ಕಾಲಂ ಅನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಲೇಖನ ಹಳಿ ತಪ್ಪುವುದು ಅಲ್ಲಿಂದಲೇ. 1975ರ ಸಂಗತಿಯನ್ನು 1975ರ ವಾರಪತ್ರಿಕೆ ಹೇಳುವುದಕ್ಕೂ, ಅದನ್ನೇ ಮೂವತ್ತು ವರ್ಷದ ಮೇಲೆ ಕ್ಯಾಮೆರಾ ಮುಂದೆ ಕೂತು ನೆನಪಿಸಿಕೊಳ್ಳುವುದಕ್ಕೂ ಒಂದೇ ತೂಕವಿಲ್ಲ.

ಈ ಹಾಡಿನ ಮಟ್ಟಿಗೆ ಗಟ್ಟಿ ಸಾಲುಗಳು ಹೀಗೆ ಬರುತ್ತವೆ. 1975ರ ಆಗಸ್ಟ್ 24ರಂದು ವೇಲ್ಸ್‌ನ ಮಾನ್ಮತ್ ಬಳಿಯ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಶುರು. ಅಕ್ಟೋಬರ್ 31ರಂದು ಬ್ರಿಟನ್ನಿನಲ್ಲಿ ಸಿಂಗಲ್ (ಒಂದು ಹಾಡನ್ನು ಮುಂದಿಟ್ಟು ಮಾರುವ ಚಿಕ್ಕ ಡಿಸ್ಕ್) ಬಿಡುಗಡೆ. ನವೆಂಬರ್ 10ರಂದು ಎಲ್‌ಸ್ಟ್ರೀಯಲ್ಲಿ ಬ್ರೂಸ್ ಗವರ್ಸ್ ನಿರ್ದೇಶನದಲ್ಲಿ ವಿಡಿಯೋ ಚಿತ್ರೀಕರಣ, ನವೆಂಬರ್ 20ರಂದು ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ನಲ್ಲಿ ಅದರ ಪ್ರಸಾರ, ಅದೇ ತಿಂಗಳಲ್ಲಿ ‘ಎ ನೈಟ್ ಅಟ್ ದಿ ಒಪೆರಾ’ ಆಲ್ಬಂ. ನವೆಂಬರ್ 29ರ ಚಾರ್ಟ್‌ನಲ್ಲಿ, ಅಂದರೆ ವಾರದ ಮಾರಾಟದ ಶ್ರೇಯಾಂಕ ಪಟ್ಟಿಯಲ್ಲಿ, ಒಂದನೇ ಸ್ಥಾನ.

ರಚನೆಯ ದಿನ ಮಾತ್ರ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಹಾಡು ‘ಹುಟ್ಟಿದ ದಿನ’ ಎಂದು ಒಂದೇ ತಾರೀಖು ಬರೆಯುವ ಆಸೆ ಬಿಡಿ. 2023ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿಗೆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಕೈಬರಹದ ಕರಡು ಬಂತು: ಬ್ರಿಟಿಷ್ ಮಿಡ್‌ಲ್ಯಾಂಡ್ ಏರ್‌ವೇಸ್‌ನ 1974ರ ಕಾಗದಗಳ ಮೇಲೆ ಗೀಚಿದ 15 ಪುಟ. ಒಂದರಲ್ಲಿ ‘ಮಂಗೋಲಿಯನ್ ರಾಪ್ಸೊಡಿ’ ಎಂದು ಬರೆದು, ಮೊದಲ ಪದ ಹೊಡೆದುಹಾಕಿ ಈಗಿನ ಹೆಸರು ಇಡಲಾಗಿದೆ. ಕರಡು ಸುಮಾರು 13.8 ಲಕ್ಷ ಪೌಂಡಿಗೆ ಮಾರಾಟವಾಯಿತು. ನಮ್ಮ ಹಾಳೆಗೆ ಬೇಕಾದದ್ದು ಆ ಮೊತ್ತವಲ್ಲ, ಹೊಡೆದುಹಾಕಿದ ಪದ ಮತ್ತು ಕಾಗದದ ಇಸವಿ. ಹಾಗೆಂದು ಅತಿಯಾಗಿ ಓದಲೂ ಬೇಡಿ. 1974ರ ಕಾಗದವನ್ನು 1975ರಲ್ಲೂ ಬಳಸಬಹುದು. ‘1974ಕ್ಕಿಂತ ಹಿಂದಿನದಲ್ಲದ ಕಾಗದ’ ಎಂಬಲ್ಲಿಗೆ ನಿಲ್ಲಿಸಿ.

ರೆಕಾರ್ಡಿನ ಲೇಬಲ್ ಓದಿ

ರೆಕಾರ್ಡುಗಳ ವಿವರ ಕಲೆಹಾಕುವ ಡಿಸ್ಕಾಗ್ಸ್ ತಾಣದಲ್ಲಿ ಮೊದಲ ಒತ್ತಿನ ಲೇಬಲ್ ಚಿತ್ರ ಹುಡುಕಿ. ಕ್ಯಾಟಲಾಗ್ ಸಂಖ್ಯೆ ಇಎಂಐ 2375, ಹಾಡಿನ ಉದ್ದ 5 ನಿಮಿಷ 55 ಸೆಕೆಂಡ್, ರಚನೆ ಮರ್ಕ್ಯುರಿ, ನಿರ್ಮಾಣ ರಾಯ್ ಥಾಮಸ್ ಬೇಕರ್ ಮತ್ತು ಕ್ವೀನ್. ಮೂರು ನಿಮಿಷದ ಹಾಡುಗಳ ಕಾಲದಲ್ಲಿ ಆರು ನಿಮಿಷ ರೇಡಿಯೋದವರಿಗೆ ಕಿರಿಕಿರಿ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಡಿಸ್ಕಿಗೂ ಅದು ಕಿರಿಕಿರಿಯೇ: ನಿಮಿಷಕ್ಕೆ 45 ಸುತ್ತು ತಿರುಗುವ 7 ಇಂಚಿನ ಡಿಸ್ಕಿನ ಒಂದು ಮಗ್ಗುಲಲ್ಲಿ ಹೆಚ್ಚು ನಿಮಿಷ ತುರುಕಬೇಕಾದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಧ್ವನಿಯ ಮಟ್ಟ, ಮುಖ್ಯವಾಗಿ ಬೇಸ್, ತಗ್ಗಿಸಬೇಕಾಗುತ್ತದೆ.

ಹಿಂಬದಿಯನ್ನು ತಿರುಗಿಸಿ ನೋಡಲು ಮರೆಯಬೇಡಿ. ಅಲ್ಲಿರುವುದು ಡ್ರಮ್ಮರ್ ರಾಜರ್ ಟೇಲರ್ ಬರೆದ ‘ಐಯಾಮ್ ಇನ್ ಲವ್ ವಿತ್ ಮೈ ಕಾರ್’. ಡಿಸ್ಕ್ ಮಾರಾಟದ ರಾಯಲ್ಟಿ ಎರಡೂ ಮಗ್ಗುಲಿಗೆ ಸಮ. ಅಂದರೆ ಯಾರೂ ಕೇಳದ ಮಗ್ಗುಲಿನ ರಚನಕಾರನಿಗೂ ಹಿಟ್ ಹಾಡಿನಷ್ಟೇ ಪಾಲು. ತಂಡದೊಳಗೆ ಮುನಿಸು ಎಲ್ಲಿಂದ ಬಂತು ಎಂದು ಹುಡುಕುವವರು ಬಿ-ಸೈಡ್‌ನಿಂದ ಶುರುಮಾಡಬಹುದು.

ಒಂದು ಎಚ್ಚರಿಕೆ: ನೇರಳೆ ಬಣ್ಣದ ಇಎಂಐ 2375 ಡಿಸ್ಕಿನ ಚಿತ್ರವನ್ನು ‘1975ರ ಮೂಲ ಪ್ರತಿ’ ಎಂದು ಹಾಕಿಬಿಡುತ್ತಾರೆ. ಅದು 1978ರಲ್ಲಿ, ಇಎಂಐಗೆ ರಫ್ತು ಪ್ರಶಸ್ತಿ ಬಂದ ಸಂಭ್ರಮಕ್ಕೆ ಒತ್ತಿಸಿದ 200 ಪ್ರತಿಗಳಲ್ಲೊಂದು. ಸಂಖ್ಯೆ ಒಂದೇ, ಇಸವಿ ಬೇರೆ.

ಸ್ಟುಡಿಯೋ ಕತೆಗಳನ್ನು ತೂಗುವುದು

‘180 ಓವರ್‌ಡಬ್’ (ಮುದ್ರಿಸಿದ್ದರ ಮೇಲೆ ಮತ್ತೆ ಹಾಡಿ ಸೇರಿಸುವುದು), ‘ಟೇಪ್ ಸವೆದು ಬೆಳಕು ಆಚೆ ಕಾಣುತ್ತಿತ್ತು’ ಎಂಬಂಥವು ಬಾಯಿಮಾತಿನ ಸಾಲಿಗೆ ಹೋಗಲಿ. ಆದರೆ ಅವುಗಳ ಹಿಂದಿನ ತಾಂತ್ರಿಕ ಕಾರಣ ವಿವರಿಸಿ, ಓದುಗರಿಗೆ ಅದೇ ಲಾಭ. ಹಾಡಿನ ನಡುವೆ ಬರುವ ಒಪೆರಾ ಶೈಲಿಯ ಭಾಗದ ಗುಂಪುಗಾಯನವನ್ನು ಹಾಡಿದವರು ಮೂವರೇ: ಮರ್ಕ್ಯುರಿ, ಗಿಟಾರ್ ವಾದಕ ಬ್ರಯಾನ್ ಮೇ, ಟೇಲರ್. ಟೇಪಿನಲ್ಲಿ ಇದ್ದದ್ದು 24 ಟ್ರ್ಯಾಕ್. ಮೂವರ ಕಂಠ ಹತ್ತಾರು ಕಂಠಗಳಾಗಬೇಕಾದರೆ, ಒಂದಷ್ಟು ಟ್ರ್ಯಾಕ್ ತುಂಬಿಸಿ, ಅವನ್ನು ಒಂದೆರಡಕ್ಕೆ ಇಳಿಸಿ, ಖಾಲಿಯಾದವುಗಳ ಮೇಲೆ ಮತ್ತೆ ಹಾಡಬೇಕು. ಇದಕ್ಕೆ ಬೌನ್ಸಿಂಗ್ ಎನ್ನುತ್ತಾರೆ. ಒಂದೇ ಮಟ್ಟದ ಹಿಸ್ (ಟೇಪಿನ ಹಿನ್ನೆಲೆಯ ಸುಯ್ ಸದ್ದು) ಇರುವ ಎರಡು ಟ್ರ್ಯಾಕ್ ಕೂಡಿಸಿದರೆ ಹಿಸ್ ಸುಮಾರು 3 ಡೆಸಿಬೆಲ್ ಏರುತ್ತದೆ. ಪ್ರತಿ ನಕಲಿನಲ್ಲೂ ಮೇಲಿನ ಸ್ವರಗಳ ಹೊಳಪು ಕೊಂಚ ಕುಂದುತ್ತದೆ. ಮೇಲಾಗಿ ಟೇಪ್ ಹೆಡ್ಡಿಗೆ ಉಜ್ಜಿದಾಗಲೆಲ್ಲ ಅದರ ಆಕ್ಸೈಡ್ ಲೇಪ ಸವೆಯುತ್ತದೆ. ಬೆಳಕು ನಿಜಕ್ಕೂ ಆಚೆ ಕಂಡಿತೋ ಇಲ್ಲವೋ, ಸವೆತವಂತೂ ಸುಳ್ಳಲ್ಲ.

ಹೆಡ್‌ಫೋನ್ ಹಾಕಿ ಮೂರನೇ ನಿಮಿಷದಿಂದ ಮುಂದಿನ ಒಂದು ನಿಮಿಷ ಕೇಳಿ. ಪಿಯಾನೊದ ಒಣ ಠಕ್‌ಠಕ್ ಮೇಲೆ ಕೋರಸ್ ಬಂದೊಡನೆ ದನಿಗಳ ಅಂಚು ಮೊಂಡಾಗಿ ಒಂದರೊಳಗೊಂದು ಬೆರೆತಂತೆ ಕೇಳುತ್ತದೆ. ಕೇಳಿದ್ದನ್ನು ಕೇಳಿದಂತೆಯೇ ಎರಡು ಸಾಲು ಬರೆಯಿರಿ. ‘ಅದ್ಭುತ ಪ್ರಯೋಗ’ ಎಂಬ ಹತ್ತು ಸಾಲಿಗಿಂತ ಮೇಲು.

ಚಾರ್ಟ್: ಹೆಚ್ಚು ಜನ ಎಡವುವ ಜಾಗ

ಇಲ್ಲಿ ನಿಧಾನಿಸಿ. ಮೊದಲ ಪ್ರಶ್ನೆ, ಯಾರ ಚಾರ್ಟ್? 1969ಕ್ಕೆ ಮೊದಲು ಬ್ರಿಟನ್ನಿನಲ್ಲಿ ಎಲ್ಲರೂ ಒಪ್ಪಿದ ಒಂದೇ ಪಟ್ಟಿ ಇರಲಿಲ್ಲ. ಬೀಟಲ್ಸ್‌ನ ‘ಪ್ಲೀಸ್ ಪ್ಲೀಸ್ ಮಿ’ 1963ರಲ್ಲಿ ಎನ್ಎಂಇ ಮತ್ತು ಮೆಲಡಿ ಮೇಕರ್ ಪತ್ರಿಕೆಗಳ ಪಟ್ಟಿಗಳಲ್ಲಿ ಒಂದನೆಯದು, ರೆಕಾರ್ಡ್ ರಿಟೇಲರ್ ಪತ್ರಿಕೆಯದರಲ್ಲಿ ಎರಡನೆಯದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯಲ್ಲಿ ಇನ್ನೊಂದು ಗುಂಡಿ: 1998ರ ಕೊನೆಯವರೆಗೆ ಸಿಂಗಲ್ ಆಗಿ ಮಾರಾಟಕ್ಕೆ ಬಾರದ ಹಾಡಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಲೆಡ್ ಜೆಪ್ಲಿನ್‌ನ ‘ಸ್ಟೇರ್‌ವೇ ಟು ಹೆವನ್’ ಆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕಾರಣ ಜನ ಮೆಚ್ಚದಿದ್ದದ್ದಲ್ಲ.

ಎರಡನೆಯದು, ಚಾರ್ಟ್‌ನ ತಾರೀಖು ಅಂದರೆ ಏನು? ಇದನ್ನು ಬಿಡಿಸಿ ನೋಡಿದರೆ ಒಂದು ಪ್ರಸಿದ್ಧ ನಂಬಿಕೆ ಅಲುಗಾಡುತ್ತದೆ. ‘ವಿಡಿಯೋದಿಂದಲೇ ಹಾಡು ಒಂದನೇ ಸ್ಥಾನಕ್ಕೆ ಬಂತು’ ಎನ್ನುತ್ತಾರಲ್ಲ, ಬ್ರಿಟಿಷ್ ಚಾರ್ಟ್‌ನ ವಾರವಾರದ ಸ್ಥಾನ ತೆಗೆಯಿರಿ: ನವೆಂಬರ್ 8ಕ್ಕೆ 47, 15ಕ್ಕೆ 17, 22ಕ್ಕೆ 9, 29ಕ್ಕೆ 1. ಆಗ ಪಟ್ಟಿ ಮಾಡುತ್ತಿದ್ದ ಬಿಎಂಆರ್‌ಬಿ ಸಂಸ್ಥೆಗೆ ಆಯ್ದ ಅಂಗಡಿಗಳು ಮಾರಾಟದ ಡೈರಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದವು. ಶನಿವಾರಕ್ಕೆ ವಾರ ಮುಗಿದರೆ ಮುಂದಿನ ಮಂಗಳವಾರ ಫಲಿತಾಂಶ, ಪಟ್ಟಿಯ ಮೇಲಿನ ತಾರೀಖು ಅದರಾಚೆಯ ಶನಿವಾರದ್ದು. ಹಾಗಾಗಿ 29ರ ಪಟ್ಟಿ ಎಣಿಸಿದ್ದು 22ಕ್ಕೆ ಮುಗಿದ ವಾರದ ಮಾರಾಟ. ವಿಡಿಯೋ ಬಂದದ್ದು 20ರ ಗುರುವಾರ ಸಂಜೆ. ಆ ವಾರದಲ್ಲಿ ಅದಕ್ಕೆ ಸಿಕ್ಕಿದ್ದು ಶುಕ್ರವಾರ, ಶನಿವಾರ ಎರಡೇ ದಿನ. 47ರಿಂದ 9ಕ್ಕೆ ಹಾಡು ತಾನೇ ಏರಿತ್ತು. ಒಂಬತ್ತು ವಾರ ಮೇಲೇ ನಿಲ್ಲಲು ವಿಡಿಯೋದ ಮರುಪ್ರಸಾರಗಳು ನೆರವಾದವು ಎಂದರೆ ಒಪ್ಪಬಹುದು, ತಂಡ ಆಗ ಪ್ರವಾಸದಲ್ಲಿತ್ತು. ಕೊನೆಗೆ ಕೆಳಗಿಳಿಸಿದ್ದು ಅಬ್ಬಾದ ‘ಮಮ್ಮಾ ಮಿಯಾ’. ಆ ಎರಡು ಪದ ಇವರ ಒಪೆರಾ ಭಾಗದಲ್ಲೂ ಇದೆ ಎಂಬ ತಮಾಷೆಯನ್ನು ಒಂದು ಸಾಲಿಗಿಂತ ಎಳೆಯಬೇಡಿ.

ರೇಡಿಯೋ ಕತೆಗೂ ಇದೇ ಜರಡಿ. ಕ್ಯಾಪಿಟಲ್ ರೇಡಿಯೋದ ನಿರೂಪಕ ಕೆನ್ನಿ ಎವರೆಟ್ ಎರಡು ದಿನದಲ್ಲಿ 14 ಸಲ ಹಾಡು ಹಾಕಿದ ಎಂಬುದು ಎಲ್ಲ ಕಡೆ ಸಿಗುತ್ತದೆ. ಹದಿನಾಲ್ಕನ್ನು ‘ಎನ್ನುತ್ತಾರೆ’ ಎಂದು ಬರೆಯಿರಿ, ಜೊತೆಗೆ ಕ್ಯಾಪಿಟಲ್ ರೇಡಿಯೋ ಲಂಡನ್ನಿನ ಸ್ಥಳೀಯ ನಿಲಯ ಎಂಬುದನ್ನೂ ಹೇಳಿ. ಇಡೀ ದೇಶದ ಬೇಡಿಕೆಯನ್ನು ಅದರ ತಲೆಗೆ ಕಟ್ಟಲಾಗದು.

ಮೂರನೆಯದು, ಅಳತೆಗೋಲು ಬದಲಾಗಿದೆಯೇ? ಅಮೆರಿಕದಲ್ಲಿ ಹಾಡು 1976ರಲ್ಲಿ 9ನೇ ಸ್ಥಾನ, 1992ರಲ್ಲಿ 2ನೇ ಸ್ಥಾನ ಮುಟ್ಟಿತು. ನಡುವೆ, 1991ರ ನವೆಂಬರ್ ಕೊನೆಗೆ, ಹಾಟ್ 100 ಅಂಗಡಿಯವರ ವರದಿ ಬಿಟ್ಟು ಬಾರ್‌ಕೋಡ್ ಎಣಿಕೆಗೆ ಬಂದಿತ್ತು. ಎರಡು ಅಂಕಿಯನ್ನೂ ಕೊಡಿ, ‘ಜನಪ್ರಿಯತೆ ಇಷ್ಟು ಪಟ್ಟು ಹೆಚ್ಚಿತು’ ಎಂಬ ಲೆಕ್ಕ ಬೇಡ.

ಮಾರಾಟದ ಮಟ್ಟಕ್ಕೆ ಕೊಡುವ ಗೋಲ್ಡ್, ಪ್ಲಾಟಿನಂ ಮನ್ನಣೆಗಳು ಇನ್ನೂ ಜಾರು. ಬ್ರಿಟನ್ನಿನಲ್ಲಿ ಸಿಂಗಲ್‌ನ ಪ್ಲಾಟಿನಂ ಅಂದರೆ 1989ಕ್ಕೆ ಮೊದಲು 10 ಲಕ್ಷ, ಆಮೇಲೆ 6 ಲಕ್ಷ. ಅಮೆರಿಕದಲ್ಲೂ ಅದೇ ವರ್ಷ 20 ಲಕ್ಷದಿಂದ 10 ಲಕ್ಷಕ್ಕೆ ಇಳಿಯಿತು. ಈ ಹಾಡಿಗೆ 2021ರಲ್ಲಿ ಅಮೆರಿಕದ ಡೈಮಂಡ್ ಬಂತು, ಅಂದರೆ ಒಂದು ಕೋಟಿ ಯೂನಿಟ್. ಅದು ಒಂದು ಕೋಟಿ ಡಿಸ್ಕ್ ಅಲ್ಲ. 150 ಸ್ಟ್ರೀಮ್ ಸೇರಿದರೆ ಅಲ್ಲಿ ಒಂದು ಯೂನಿಟ್.

ಸ್ವೀಕಾರವನ್ನು ಪದರ ಪದರವಾಗಿ ಬಿಡಿಸಿ

ಸ್ವೀಕಾರ ಅಂದರೆ ಹೊಗಳಿಕೆಯ ಪಟ್ಟಿಯಲ್ಲ. ಬಿಡುಗಡೆಯ ತಿಂಗಳಿನ ವಿಮರ್ಶೆ, ಆ ವರ್ಷದ ಪ್ರಶಸ್ತಿ, ಮುಂದಿನ ದಶಕಗಳ ‘ಸಾರ್ವಕಾಲಿಕ ಶ್ರೇಷ್ಠ’ ಪಟ್ಟಿ, ಸಿನಿಮಾ ಮತ್ತು ಅಣಕ, ಹೀಗೆ ಬೇರೆಬೇರೆ ಗುಂಪು ಮಾಡಿ. ವರ್ಲ್ಡ್ ರೇಡಿಯೋ ಹಿಸ್ಟರಿ ತಾಣದಲ್ಲಿ ಬಿಲ್‌ಬೋರ್ಡ್, ಮೆಲಡಿ ಮೇಕರ್ ಮೊದಲಾದ ಹಳೆಯ ಸಂಚಿಕೆಗಳ ಸ್ಕ್ಯಾನ್ ಉಚಿತವಾಗಿ ಸಿಗುತ್ತದೆ. ಹುಡುಕುಪೆಟ್ಟಿಗೆಯನ್ನು ನಂಬಿ ಕೂರಬೇಡಿ, ಸ್ಕ್ಯಾನಿನ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ಬಿಡುಗಡೆಯ ದಿನದಿಂದ ಮೂರು ವಾರ ಹಿಂದೆ, ಆರು ವಾರ ಮುಂದೆ, ಸಿಂಗಲ್ಸ್ ಪುಟವನ್ನು ಕಣ್ಣಾರೆ ತಿರುವಿ.

ಹಾಗೆ ತಿರುವಿದರೆ ಮೆಲಡಿ ಮೇಕರ್ ವಿಮರ್ಶಕ ಇದನ್ನು ಲಂಡನ್ನಿನ ಬಾಲಂ ಬಡಾವಣೆಯ ಹವ್ಯಾಸಿ ಒಪೆರಾ ಸಂಘದವರ ಅಬ್ಬರಕ್ಕೆ ಹೋಲಿಸಿ ಲೇವಡಿ ಮಾಡಿದ್ದು ಸಿಗುತ್ತದೆ. ಈ ಬೈಗುಳ ಲೇಖನದಲ್ಲಿ ಇರಲೇಬೇಕು. ಆದರೆ ಇದೊಂದನ್ನೇ ಹಿಡಿದು ‘ವಿಮರ್ಶಕರೆಲ್ಲ ತಿರಸ್ಕರಿಸಿದರು, ಜನ ಗೆಲ್ಲಿಸಿದರು’ ಎಂದು ಬರೆಯುವುದು ಸೋಮಾರಿತನ. ಹೆಚ್ಚು ಮಾರಾಟವಾದ ಬ್ರಿಟಿಷ್ ರೆಕಾರ್ಡ್ ಎಂದು ಬ್ರಿಟನ್ನಿನ ಗೀತರಚನಕಾರರ ಐವರ್ ನೋವೆಲ್ಲೋ ಪ್ರಶಸ್ತಿ ಬಂತು. ಎರಡು ಗ್ರ್ಯಾಮಿ ನಾಮನಿರ್ದೇಶನ ಬಂದವು, ಗೆಲುವು ಬರಲಿಲ್ಲ. 1977ರಲ್ಲಿ ಬ್ರಿಟಿಷ್ ರೆಕಾರ್ಡ್ ಉದ್ಯಮವೇ ಕಳೆದ 25 ವರ್ಷದ ಶ್ರೇಷ್ಠ ಬ್ರಿಟಿಷ್ ಸಿಂಗಲ್ ಎಂದು ಇದನ್ನೂ ಪ್ರೋಕಲ್ ಹ್ಯಾರಮ್‌ನ ‘ಎ ವೈಟರ್ ಶೇಡ್ ಆಫ್ ಪೇಲ್’ ಅನ್ನೂ ಜಂಟಿಯಾಗಿ ಆರಿಸಿತು. ಎರಡು ವರ್ಷದಲ್ಲಿ ಈ ಮನ್ನಣೆ ಸಿಕ್ಕ ಹಾಡನ್ನು ಉಪೇಕ್ಷಿತ ಎನ್ನಲಾಗದು.

ಮರುಜೀವದ ಅಲೆಗಳಿಗೆ ತಲಾ ಒಂದು ಪ್ಯಾರಾ, ಪ್ರತಿಯೊಂದಕ್ಕೂ ಅದರದೇ ಕಾರಣ ಕೊಡಿ. 1991ರ ನವೆಂಬರ್ 24ರಂದು ಮರ್ಕ್ಯುರಿ ತೀರಿಕೊಂಡರು; ಡಿಸೆಂಬರ್‌ನಲ್ಲಿ ಮರುಬಿಡುಗಡೆ, ಬ್ರಿಟನ್ನಿನಲ್ಲಿ ಮತ್ತೆ ಐದು ವಾರ ಒಂದನೇ ಸ್ಥಾನ, ಆದಾಯ ಏಡ್ಸ್ ಕುರಿತು ಕೆಲಸ ಮಾಡುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟ್‌ಗೆ. ಅಮೆರಿಕದ 1992ರ ಏರಿಕೆಯ ಹಿಂದೆ ಇದ್ದದ್ದು ಫೆಬ್ರವರಿಯಲ್ಲಿ ಬಂದ ‘ವೇಯ್ನ್ಸ್ ವರ್ಲ್ಡ್’ ಹಾಸ್ಯ ಸಿನಿಮಾದಲ್ಲಿ ಗೆಳೆಯರು ಈ ಹಾಡಿಗೆ ದನಿಗೂಡಿಸುವ ಕಾರಿನ ದೃಶ್ಯ. 2018ರಲ್ಲಿ ಹಾಡಿನ ಹೆಸರಿನದೇ ಸಿನಿಮಾ ಬಂದಾಗ ಹಾಟ್ 100ರಲ್ಲಿ 33ಕ್ಕೆ ಮರಳಿತು. ಸಂತಾಪ, ನಗು, ಜೀವನಚಿತ್ರ: ಮೂರೂ ಸಲ ಕೇಳಿದವರು ಬೇರೆ, ಕೇಳಿದ ರೀತಿ ಬೇರೆ.

ಅರ್ಥದ ವಿಷಯಕ್ಕೆ ಬಂದರೆ, ಮರ್ಕ್ಯುರಿ ಸಾಹಿತ್ಯವನ್ನು ಬಿಡಿಸಿ ಹೇಳಲು ಹೋಗಲಿಲ್ಲ. ಜೀವನಚರಿತ್ರೆಕಾರರ ಊಹೆಗಳನ್ನು ಅವರವರ ಹೆಸರಿನಲ್ಲೇ ಇಡಿ. ಮರ್ಕ್ಯುರಿ ಪಂಚಗಣಿಯಲ್ಲಿ ಓದಿದ್ದು ನಿಜ, ಅದನ್ನು ಹಾಡಿನ ಮೂಲಸ್ರೋತ ಮಾಡುವ ನಮ್ಮವರ ಉತ್ಸಾಹಕ್ಕೆ ದಾಖಲೆಯ ಬೆಂಬಲವಿಲ್ಲ.

ಬರೆದು ಮುಗಿಸುವ ಮುನ್ನ

ಸಾಹಿತ್ಯದ ಸಾಲುಗಳನ್ನು ಉದ್ದಕ್ಕೆ ಉದ್ಧರಿಸಬೇಡಿ, ಹಕ್ಕುಸ್ವಾಮ್ಯ ಇನ್ನೂ ಜೀವಂತ. ‘ರಾಪ್ಸೊಡಿ’, ‘ರ್ಯಾಪ್ಸಡಿ’ ಎರಡರಲ್ಲಿ ಒಂದನ್ನು ಮೊದಲೇ ನಿರ್ಧರಿಸಿ, ಕೊನೆತನಕ ಅದನ್ನೇ ಹಿಡಿಯಿರಿ. ಮೂಲಗಳು ಜಗಳವಾಡುವ ಕಡೆ ವ್ಯಾಪ್ತಿ ಕೊಡಿ: ವಿಡಿಯೋದ ಖರ್ಚು ಒಂದು ಕಡೆ 3,500 ಪೌಂಡ್, ಇನ್ನೊಂದು ಕಡೆ 4,500 ಎಂದಿದೆ. ‘ಜಗತ್ತಿನ ಮೊದಲ ಮ್ಯೂಸಿಕ್ ವಿಡಿಯೋ’ ಕಂಡರೆ ಅಲ್ಲೇ ಹೊಡೆದುಹಾಕಿ, ಬೀಟಲ್ಸ್ 1966ರಲ್ಲೇ ಪ್ರಚಾರ ಚಿತ್ರಗಳನ್ನು ಮಾಡಿದ್ದರು.

ಪ್ರಕಟಿಸುವ ಹಿಂದಿನ ದಿನ ಕಡತದಲ್ಲಿ ‘ಮೊದಲ’, ‘ಏಕೈಕ’, ‘ಅತಿ ಹೆಚ್ಚು’ ಎಂಬ ಪದಗಳನ್ನು ಹುಡುಕಿ. ಒಂದೇ ಧ್ವನಿಮುದ್ರಣ ಎರಡು ಕ್ರಿಸ್‌ಮಸ್‌ಗಳಲ್ಲಿ, 1975 ಮತ್ತು 1991ರಲ್ಲಿ, ಬ್ರಿಟನ್ನಿನ ಒಂದನೇ ಸ್ಥಾನದಲ್ಲಿದ್ದ ‘ಏಕೈಕ’ ಹಾಡು ಇದು ಎಂದು ಬಹಳ ಕಾಲ ಬರೆಯಬಹುದಿತ್ತು. 2023 ಮತ್ತು 2024ರ ಕ್ರಿಸ್‌ಮಸ್‌ಗೆ ವ್ಯಾಮ್‌ನ ‘ಲಾಸ್ಟ್ ಕ್ರಿಸ್‌ಮಸ್’ ಆ ಜಾಗದಲ್ಲಿತ್ತು. ಈಗ ಅಲ್ಲಿ ‘ಏಕೈಕ’ ತೆಗೆದು ‘ಮೊದಲ’ ಎಂದು ತಿದ್ದಬೇಕು.