ಅನ್ನ ಕೊನೆಗೆ ಬಡಿಸಿಕೊಂಡ ಮೇಲೆ ಶುಗರ್ ಹಿಡಿತಕ್ಕೆ ಬಂತು: ನನ್ನ ಅನುಭವ

ಒಂಬತ್ತು ತಿಂಗಳ ಹಿಂದೆ ನನ್ನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.9 ಇತ್ತು. ಹೋದ ವಾರ 6.6 ಬಂತು. "ಮೊಟ್ಟೆ, ಮೀನು ಮುಟ್ಟದೆ ನಿನ್ನ ಶುಗರ್ ಇಳಿಯೋದಿಲ್ಲ" ಅಂದವರು ಮನೆಯಲ್ಲೂ ಇದ್ದರು, ಆಫೀಸಿನಲ್ಲೂ ಇದ್ದರು. ಬರೀ ಸಸ್ಯಾಹಾರದಲ್ಲೇ ಇಳಿಯಿತು. ಮಾತ್ರೆ ಬಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡರಲ್ಲಿ ಒಂದನ್ನು ಡಾಕ್ಟರ್ ಅರ್ಧಕ್ಕೆ ಇಳಿಸಿದ್ದಾರೆ.

ಶುರುವಿನಲ್ಲಿ ದುಡ್ಡು ತುಂಬಾ ಹೋಯಿತು. ಶುಗರ್‌ಫ್ರೀ ಬಿಸ್ಕತ್ತು, ಡಬ್ಬಿಯ ಪುಡಿ, ವಿಶೇಷ ಹಿಟ್ಟು ಎಲ್ಲ ತಂದೆ. ಆ ಬಿಸ್ಕತ್ತು ನಾಲ್ಕು ತಿಂದು ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ ಮೀಟರಿನಲ್ಲಿ ಸುಮಾರು 220. ಸಕ್ಕರೆ ತೆಗೆದಿದ್ದರೇನು, ಮೈದಾ ಹಾಗೇ ಇತ್ತಲ್ವಾ. ಎರಡು ತಿಂಗಳು ಇದಕ್ಕೆ ಸುರಿದ ದುಡ್ಡಿನಲ್ಲಿ ಮೀಟರಿಗೆ ಹಾಕುವ ಸ್ಟ್ರಿಪ್ ಆರು ತಿಂಗಳಿಗೆ ಸಾಕಾಗುವಷ್ಟು ಬರುತ್ತಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಯಾರನ್ನೂ ಕೇಳದೆ ಅನ್ನ, ರೊಟ್ಟಿ ಪೂರ್ತಿ ನಿಲ್ಲಿಸಿದೆ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗುತ್ತಿದ್ದೆ. ನಾಲ್ಕನೇ ದಿನ ಸಂಜೆ ಕೈ ನಡುಗಿತು, ಬೆನ್ನೆಲ್ಲ ಬೆವರು. ಮೀಟರ್ 62 ತೋರಿಸಿತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆ. 88ಕ್ಕೆ ಬಂದ ಮೇಲೆ ಜೀವ ಬಂತು. ಅನ್ನ ಕಡಿಮೆ ಮಾಡುವ ಮೊದಲೇ ಮಾತ್ರೆಯ ಬಗ್ಗೆ ಕೇಳಬೇಕಿತ್ತು. ನೀವು ಖಂಡಿತ ಕೇಳಿ.

ಮೂರನೇ ಸೋಲೇ ನನಗೆ ದಾರಿ ತೋರಿಸಿದ್ದು. ಪ್ರೋಟೀನ್ ಬೇಕು ಅಂತ ಬೇಳೆ ಜಾಸ್ತಿ ಮಾಡಿದೆ, ಅನ್ನವನ್ನೂ ಇಟ್ಟುಕೊಂಡೆ. ಒಂದು ಕಪ್ ಗಟ್ಟಿ ಬೇಳೆಯಲ್ಲಿ ಸುಮಾರು 40 ಗ್ರಾಂ ಕಾರ್ಬ್ (ಶುಗರ್ ಏರಿಸುವ ಪಿಷ್ಟದ ಅಂಶ), ಒಂದು ಕಪ್ ಅನ್ನದಲ್ಲಿ 45. ಒಂದೇ ಊಟಕ್ಕೆ 85! ಬೇಳೆಯಲ್ಲಿ ಕಾರ್ಬ್ ಇದೆ ಅಂತ ನನಗೂ ಗೊತ್ತಿತ್ತು, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾಂಸ ತಿನ್ನುವವರಿಗೆ ಈ ತೊಂದರೆ ಇಲ್ಲ. ನಮ್ಮ ಬೇಳೆಕಾಳಿನ ಪ್ರೋಟೀನ್ ಕಾರ್ಬನ್ನು ಜೊತೆಗೇ ಕರೆದುಕೊಂಡು ಬರುತ್ತದೆ.

ಆವತ್ತಿನಿಂದ ಊಟದ ಯೋಚನೆಯನ್ನೇ ತಿರುಗಿಸಿದೆ. ಇವತ್ತು ಪ್ರೋಟೀನ್ ಯಾವುದು ಅನ್ನೋದು ಮೊದಲ ಪ್ರಶ್ನೆ. ಆಮೇಲೆ ತರಕಾರಿ, ಅರ್ಧ ತಟ್ಟೆ. ಅನ್ನ ಕೊನೆಗೆ, ಉಳಿದ ಜಾಗದಲ್ಲಿ. ನಾನು ಒಂದು ಊಟಕ್ಕೆ 45ರಿಂದ 50 ಗ್ರಾಂ ಕಾರ್ಬ್ ಇಟ್ಟುಕೊಂಡಿದ್ದೇನೆ. ಒಂದು ಕಪ್ ಬೇಯಿಸಿದ ಕಾಬೂಲಿ ಕಡಲೆ ತಿಂದರೆ ಅದರಲ್ಲೇ 45 ಮುಗಿಯಿತು, ಅವತ್ತು ಅನ್ನ ಇಲ್ಲ. ತೋಫು ಅಥವಾ ಪನೀರ್ ಇದ್ದರೆ ಕಾರ್ಬ್ ತೀರಾ ಕಡಿಮೆ, ಮುಕ್ಕಾಲು ಕಪ್ ಅನ್ನ ಧಾರಾಳವಾಗಿ ಹಿಡಿಯುತ್ತದೆ. ಅರ್ಧ ಕಪ್ ಬೇಳೆಗೆ ಅರ್ಧ ಕಪ್ ಅನ್ನ. ನಿಮ್ಮ ಲೆಕ್ಕ ಬೇರೆ ಇರಬಹುದು, ಅದನ್ನು ನಿಮ್ಮ ಮೀಟರೇ ಹೇಳಬೇಕು.

ಎರಡು ವಾರ ತಕ್ಕಡಿ ಹಿಡಿದು ಕೂತೆ. ಆಮೇಲೆ ಒಂದು ಸ್ಟೀಲ್ ಬಟ್ಟಲಿಗೆ ಒಳಗಡೆ ಮೊಳೆಯಿಂದ ಎರಡು ಗೀಟು ಎಳೆದೆ. ಕೆಳಗಿನದು ಅರ್ಧ ಕಪ್, ಮೇಲಿನದು ಮುಕ್ಕಾಲು. ಅನ್ನವನ್ನು ಒತ್ತಬಾರದು, ಸುಮ್ನೆ ಹಾಕಿ ಸಮ ಮಾಡಬೇಕು. ಒತ್ತಿದರೆ ಅದೇ ಗೀಟಿಗೆ ಒಂದೆರಡು ತುತ್ತು ಜಾಸ್ತಿ ಹಿಡಿಯುತ್ತದೆ.

ಸ್ಟ್ರಿಪ್ ಉಳಿಸಿದ್ದು ಹೀಗೆ. ದಿನವೂ ಕಂಡಕಂಡ ಹೊತ್ತಿಗೆ ಚುಚ್ಚಿಕೊಳ್ಳುವುದನ್ನು ಡಾಕ್ಟರಿಗೆ ಹೇಳಿಯೇ ನಿಲ್ಲಿಸಿದೆ. ಹೊಸ ಊಟಕ್ಕೆ ಮಾತ್ರ ಎರಡು ಸಲ: ಮೊದಲ ತುತ್ತಿಗೆ ಮುಂಚೆ, ಅಲ್ಲಿಂದ ಎರಡು ಗಂಟೆಗೆ. ಏರಿಕೆ 50 ದಾಟಬಾರದು, ಒಟ್ಟು 180 ದಾಟಬಾರದು. ಬೇರೆ ಬೇರೆ ದಿನ ಎರಡು ಸಲ ಪಾಸಾದರೆ ಮಾತ್ರ ಆ ಊಟ ನೋಟ್‌ಬುಕ್ಕಿಗೆ. ಈಗ ಅದರಲ್ಲಿ 14 ಊಟ ಇವೆ. ಅವನ್ನೇ ತಿರುಗಿಸಿ ಮುರುಗಿಸಿ ಮಾಡುತ್ತೇನೆ. ತಿಂಗಳ ಸ್ಟ್ರಿಪ್ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿದಿದೆ. ನನ್ನನ್ನು ನೋಡಿ ನಗುತ್ತಿದ್ದ ಒಬ್ಬರು ಈಗ ಆ ನೋಟ್‌ಬುಕ್ಕಿನ ಫೋಟೊ ಕೇಳಿ ತಗೊಂಡಿದ್ದಾರೆ. ಖುಷಿಯಾಯಿತು, ಮುಚ್ಚಿಡಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಅದೇ ತಟ್ಟೆ, ಅದೇ ಅಳತೆ. ಮೊದಲು ತರಕಾರಿ, ತೋಫು ಮುಗಿಸಿ ಆಮೇಲೆ ಅನ್ನ ತಿಂದರೆ, ಕಲಸಿ ತಿಂದದ್ದಕ್ಕಿಂತ ಸುಮಾರು 30 ಕಡಿಮೆ. ನಾನು ಮಾಡಿದ್ದರಲ್ಲಿ ಒಂದು ಪೈಸೆ ಖರ್ಚಿಲ್ಲದ ಉಪಾಯ ಇದೇ. ಅನ್ನ ಮಾಡಿ ಬೇಗ ಆರಿಸಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿ ತಿಂದೆ. ಹತ್ತು ಹನ್ನೆರಡು ಇಳಿಯಿತು, ಇನ್ನೊಂದು ಸಲ ಏನೂ ವ್ಯತ್ಯಾಸ ಇಲ್ಲ. ಬಿಟ್ಟೆ. ಊಟದ ನಂತರ ಹದಿನೈದು ನಿಮಿಷ ನಡೆದದ್ದು ಪ್ರತಿ ಸಲವೂ ಕೆಲಸ ಮಾಡಿದೆ. ಸೋಯಾ ಚಂಕ್ಸ್‌ನಲ್ಲಿ ಅರ್ಧಕ್ಕರ್ಧ ಪ್ರೋಟೀನ್, ದುಡ್ಡೂ ಕಮ್ಮಿ. ಅದರ ವಾಸನೆ ಹೋಗಿಸಲು ನಾನು ಬಿಸಿನೀರಿಗೆ ಒಂದು ವಸ್ತು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ವಿಷಯ ತಡವಾಗಿ ತಿಳಿಯಿತು. ಪಾದ ಜೋಮು ಹಿಡಿಯುತ್ತಿತ್ತು. ಶುಗರ್‌ನಿಂದಲೇ ಅಂತ ವರ್ಷ ಕಳೆದೆ. ಪರೀಕ್ಷೆ ಮಾಡಿಸಿದರೆ ಬಿ12 ವಿಟಮಿನ್ ತಳ ಕಂಡಿತ್ತು. ಸಸ್ಯಾಹಾರದಲ್ಲಿ ಮೊದಲೇ ಕಡಿಮೆ, ಮೇಲೆ ವರ್ಷಗಟ್ಟಲೆ ನುಂಗಿದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಅದನ್ನು ಇಳಿಸಬಹುದು. ಇಂಜೆಕ್ಷನ್ ಆದ ಮೇಲೆ ಜೋಮು ಎಷ್ಟೋ ವಾಸಿ. ಮೆಟ್‌ಫಾರ್ಮಿನ್ ತಗೊಳ್ಳುವವರು ಇದನ್ನು ಒಮ್ಮೆ ಮಾಡಿಸಿ.

ಈಗ 15ನೇ ಊಟದ ಪರೀಕ್ಷೆ ನಡೆದಿದೆ: ರಾಜ್ಮಾ, ಎಲೆಕೋಸು, ಮೊಸರು, ಎರಡು ತುತ್ತು ಅನ್ನ. ನಿನ್ನೆ 118ರಿಂದ 171ಕ್ಕೆ ಹೋಯಿತು. ಮೂರು ಜಾಸ್ತಿ. ಅನ್ನ ಒಂದೇ ತುತ್ತಿಗೆ ಇಳಿಸಿ ಬುಧವಾರ ಮತ್ತೆ ನೋಡುತ್ತೇನೆ.