ಕಾಯ್ದಿರಿಸಿದ ಬಿಟ್‌ಗಳನ್ನು ನಾನು ಪರೀಕ್ಷಿಸಿದ ಬಗೆ

ಕಳೆದ ಮಳೆಗಾಲದಲ್ಲಿ ಹಾಸನದ ಸಾಲಗಾಮೆ ರಸ್ತೆಯ ನಮ್ಮ ಮನೆಯಲ್ಲಿ ಕುಳಿತು, ವರ್ಚುವಲ್ ಮಷೀನುಗಳನ್ನು ನಡೆಸುವ ಲಿನಕ್ಸ್‌ನ ಕೆವಿಎಂ ಮೇಲೆ ಓಡುವ ಪುಟ್ಟದೊಂದು ಪರೀಕ್ಷಾ ಗೆಸ್ಟ್ (ಅಂಥ ಮಷೀನಿನೊಳಗೆ ಓಡುವ ಪ್ರೋಗ್ರಾಂ) ಬರೆದೆ. ಪ್ರೊಸೆಸರಿನ ಸೌಲಭ್ಯಗಳನ್ನು ಆನ್ ಮಾಡುವ ಸಿಆರ್4 ರಿಜಿಸ್ಟರಿನಲ್ಲಿ ಕಾಯ್ದಿರಿಸಿದ, ಅಂದರೆ ಬಳಕೆಗೆ ಬಿಡದ, ಬಿಟ್ಟಿಗೆ 1 ಬರೆಯಹೊರಟರೆ ಇಂಟೆಲ್ ಪ್ರೊಸೆಸರ್ 13ನೆಯ ಎಕ್ಸೆಪ್ಶನ್, ಅಂದರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್, ಎಬ್ಬಿಸುತ್ತದೆ. ವರ್ಚುವಲ್ ಮಷೀನಿನೊಳಗೂ ಹಾಗೆಯೇ ಆಗುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಗೆಸ್ಟ್‌ನ ಮಟ್ಟಿಗೆ ಯಾವ ಬಿಟ್ ಕಾಯ್ದಿರಿಸಿದ್ದು ಎಂಬುದಕ್ಕೆ ಅದಕ್ಕೆ ಕಾಣುವ ಸಿಪಿಯುಐಡಿಯೇ (ಪ್ರೊಸೆಸರ್ ತನ್ನ ಸೌಲಭ್ಯಗಳನ್ನು ತಿಳಿಸುವ ಪಟ್ಟಿ) ಪ್ರಮಾಣ. ನನ್ನ ಪ್ರೊಸೆಸರಿನಲ್ಲಿ ಸ್ಮೆಪ್ ಎಂಬ ರಕ್ಷಣಾ ಸೌಲಭ್ಯವಿದ್ದರೂ, ಸಿಪಿಯುಐಡಿಯ 7ನೆಯ ಲೀಫಿನ (ವಿಭಾಗದ) ಇಬಿಎಕ್ಸ್ ರಿಜಿಸ್ಟರಿನಲ್ಲಿ 7ನೆಯ ಬಿಟ್ ಅಳಿಸಿ ಅದನ್ನು ಮರೆಮಾಡಿದೆ. ಆಗ ಸ್ಮೆಪ್ ಆನ್ ಮಾಡುವ ಸಿಆರ್4ರ 20ನೆಯ ಬಿಟ್ ಗೆಸ್ಟ್‌ಗೆ ನಿಷಿದ್ಧವಾಗುತ್ತದೆ. ಹಾರ್ಡ್‌ವೇರಿಗೆ ಅದರ ಬಗ್ಗೆ ಆಕ್ಷೇಪವೇ ಇಲ್ಲದಿರುವುದರಿಂದ ತಡೆಯುವ ಹೊಣೆ ಕೆವಿಎಂನದೇ.

ಪರೀಕ್ಷೆ ಮೊದಲ ಸಲವೇ ಪಾಸಾದದ್ದು ನನಗೆ ಅನುಮಾನ ತಂದಿತು. ಕೆವಿಎಂನಲ್ಲಿದ್ದ ತಪಾಸಣೆಯನ್ನೇ ಕಿತ್ತುಹಾಕಿ, ಕಂಪೈಲ್ ನಡೆಯುತ್ತಿರುವಾಗಲೇ ಎರಡು ಸಲ ವಿದ್ಯುತ್ ಹೋದ ಮೇಲೆ, ಅಂತೂ ಮತ್ತೆ ಓಡಿಸಿದೆ. ‘ವಿಫಲ’ ಎಂದು ಮುದ್ರಿಸಬೇಕಿದ್ದ ಗೆಸ್ಟ್ ಏನೂ ಹೇಳದೆ ಸ್ಥಗಿತಗೊಂಡಿತು. ಸೋಮಾರಿತನದಿಂದ ಮೆಮೊರಿಯ ಎಲ್ಲ ಪುಟಗಳಿಗೂ ಯೂಸರ್ ಬಿಟ್ (ಸಾಮಾನ್ಯ ಪ್ರೋಗ್ರಾಮುಗಳೂ ಬಳಸಬಹುದೆಂಬ ಗುರುತು) ಹಾಕಿದ್ದೇ ಕಾರಣ: ಯೂಸರ್ ಪುಟದಲ್ಲಿರುವ ಕೋಡನ್ನು ಕರ್ನಲ್ ಮಟ್ಟದಲ್ಲಿ ಓಡಿಸಲು ಸ್ಮೆಪ್ ಬಿಡುವುದಿಲ್ಲವಾದ್ದರಿಂದ, ಮುಂದಿನ ಸೂಚನೆಯೂ ಫಾಲ್ಟ್ ನಿಭಾಯಿಸುವ ಕೋಡೂ ಒಟ್ಟಿಗೇ ನಿಷೇಧಕ್ಕೊಳಗಾಗಿ ಟ್ರಿಪಲ್ ಫಾಲ್ಟ್ (ಫಾಲ್ಟ್ ಮೇಲೆ ಫಾಲ್ಟ್ ಬಂದು ಮಷೀನೇ ನಿಲ್ಲುವ ಸ್ಥಿತಿ) ಆಗಿತ್ತು. ಯೂಸರ್ ಬಿಟ್ ತೆಗೆದ ಮೇಲೆ ಪರೀಕ್ಷೆ ಸೋಲಬೇಕಾದಂತೆ ಸೋತಿತು.

ಸಿಆರ್4ರ 12ನೆಯ ಬಿಟ್ ಇನ್ನೂ ನಯವಾಗಿ ಮೋಸಮಾಡಿತು. ಅದು ಐದು ಹಂತದ ಪೇಜಿಂಗ್‌ಗೆ (ಮೆಮೊರಿ ವಿಳಾಸಗಳನ್ನು ಐದು ಹಂತದ ಕೋಷ್ಟಕಗಳ ಮೂಲಕ ಹುಡುಕುವ ವಿಧಾನಕ್ಕೆ) ಸೇರಿದ್ದು. ಅಲ್ಲಿ ನಿರೀಕ್ಷಿಸಿದ ಫಾಲ್ಟ್ ಬಂದುದರಿಂದ ಸರಿಯೆಂದು ಗುರುತು ಹಾಕಿಬಿಟ್ಟಿದ್ದೆ. ಆದರೆ 64 ಬಿಟ್ ಸ್ಥಿತಿಯಲ್ಲಿರುವಾಗ ಆ ಬಿಟ್ ಬದಲಿಸಿದರೆ, ಸೌಲಭ್ಯವಿರುವ ಚಿಪ್ ಕೂಡ ಅದೇ ಫಾಲ್ಟ್ ಕೊಡುತ್ತದೆ. ಹೀಗಾಗಿ ಆ ಪರೀಕ್ಷೆಯನ್ನು ಪೇಜಿಂಗ್ ಶುರುವಾಗುವ ಮುಂಚಿನ 32 ಬಿಟ್ ಕೋಡಿಗೆ ಸರಿಸಿದೆ. ಫಾಲ್ಟ್ ಬಂದ ಮೇಲೆ ಸಿಆರ್4 ಹಿಂದಿನ ಮೌಲ್ಯದಲ್ಲೇ ಇದೆಯೇ ಎಂದೂ ನೋಡಬೇಕು. ಇದನ್ನು ನಾನು ಆಮೇಲೆ ಸೇರಿಸಿದೆ.

ಬಿಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಅದೇ ಲೂಪನ್ನು ಸಿಆರ್0 ಎಂಬ ಇನ್ನೊಂದು ನಿಯಂತ್ರಣ ರಿಜಿಸ್ಟರಿನ ಮೇಲೆ ಓಡಿಸಿದಾಗ ಸಾಲುಸಾಲಾಗಿ ‘ವಿಫಲ’ ಬಂದವು. ಆ ರಿಜಿಸ್ಟರಿನ ಕಾಯ್ದಿರಿಸಿದ ಬಿಟ್‌ಗಳಲ್ಲಿ ಮೇಲಿನ 32ಕ್ಕೆ 1 ಬರೆದರೆ ಮಾತ್ರ ಫಾಲ್ಟ್. ಕೆಳಗಿನ ಅರ್ಧದ ಕಾಯ್ದಿರಿಸಿದ ಬಿಟ್‌ಗಳಿಗೆ ಬರೆದದ್ದನ್ನು ಪ್ರೊಸೆಸರ್ ಸುಮ್ಮನೆ ಕಡೆಗಣಿಸುತ್ತದೆ. ಇಂಟೆಲ್ ಕೈಪಿಡಿಯ ಆ ಪುಟವನ್ನು ಓದಿಕೊಂಡು ಸಿಆರ್0ಗೆ ಬೇರೆಯೇ ಪಟ್ಟಿ ಬರೆದೆ.